ತೊಟ್ಟಿಯಲ್ಲಿಟ್ಟ ಮೀನು

ಪಶುವೈದ್ಯಶಾಲೆಯ ಮೊಗಸಾಲೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದಾಗ, ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆಯರಿಬ್ಬರು ಗಾಜಿನ ಭರಣಿಯೊಂದನ್ನು ನಡುವೆ ಇರಿಸಿಕೊಂಡು ಕುಳಿತಿದ್ದರು. ಭರಣಿಯೊಳಗೆ, ಮೈತುಂಬ ಬಿಳಿಯ ಚುಕ್ಕೆಗಳೆದ್ದ ಹೊಂಬಣ್ಣದ ಮೀನೊಂದು ಓರೆಯಾಗಿ ತೇಲುತ್ತಿತ್ತು.

“ಮೊದಲು ಕಾಯಿಲೆ ಬಂದಿದ್ದು ಇದೊಂದಕ್ಕೇ ಅತ್ತೆ. ಉಪ್ಪುನೀರು ಹಾಕಿ ತೊಟ್ಟೀಲಿ ಬೇರೆಯಾಗಿ ಇಟ್ಟಿದ್ದೆ. ಹಿತ್ತಲ ಕೊಳದಲ್ಲಿರೋ ಮೀನಿಗೆಲ್ಲ ಹೇಗೆ ಹರಡ್ತು ಅಂತೀನಿ!”

“ಸಂಜೆ ಹೊತ್ತು ನಾನೇ ಇದನ್ನ ಕೊಳಕ್ಕೆ ಬಿಡ್ತಿದ್ದೆ ಕಣೆ. ಬೆಳಗ್ಗೆ ನೀನೇಳೋದ್ರೊಳಗೆ ಮತ್ತೆ ತೊಟ್ಟಿಗೆ ಹಾಕ್ತಿದ್ದೆ.”

ಸೊಸೆಯ ಮುಖ ಬಿಳಿಚಿತು.

“ಅಯ್ಯೋ! ದಿನಾನೂ? ಯಾಕತ್ತೆ?”

“ಒಂಟಿಯಾಗಿತ್ತಲ್ಲೇ, ಪಾಪ.”

“ಪಾಪ ಅಂತ ಊರಿಗೇ ಬೆಂಕಿ ಹಚ್ಚಿದ್ರಲ್ಲ! ಸೋಂಕು ಅಂದ್ರೆ ಗೊತ್ತಿಲ್ವಾ ನಿಮಗೆ?”

“ಗೊತ್ತಿಲ್ದೆ ಏನು? ನಂಗೆ ಸೋಂಕು ತಗುಲಿದಾಗ ಹಿಂದಿನ ಕೋಣೇಲಿ ಮಲಗಿಸಿ ಬಾಗಿಲು ಮುಚ್ಚಿದ್ಯಲ್ಲ. ಒಂದು ನರಪಿಳ್ಳೆ ಇಣುಕಲಿಲ್ಲ.”

ಸೊಸೆ ಭರಣಿಯತ್ತ ಬಾಗಿದಳು.

“ಬಾಗಿಲ ಆಚೆ ನಾನೇ ಕೂತಿರ್ತಿದ್ದೆ ಅತ್ತೆ. ನಿಮ್ಮ ಕೆಮ್ಮು ನಿಲ್ಲೋವರೆಗೂ.”

ಈಗ ದಂಗಾದವರು ಅತ್ತೆ.

“ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತೇ, ಮೂದೇವಿ?”

ಒಳಗಿನಿಂದ ಕರೆ ಬಂತು. ಅತ್ತೆ ಭರಣಿಯನ್ನೆತ್ತಿಕೊಂಡರು, ಸೊಸೆ ಬಾಗಿಲನ್ನು ತೆರೆದು ಹಿಡಿದಳು.