ಬರಲು ನಿರಾಕರಿಸಿದ ನೇಕಾರ

ಇಲ್ಲ ಹುಲ್ಲಪ್ಪ, ಆ ಸಾಲು ಅಳಸಾಕ ಬರೂದಿಲ್ಲ. ನಿನ್ನೆ ಹೇಳಿದೆ, ಇವತ್ತೂ ಅದನ್ನ ಹೇಳ್ತೇನಿ. ವರದಿ ಬಿಜಾಪುರಕ್ಕ ಹೋಗಿ ನಾಲ್ಕು ತಿಂಗಳಾತು. ಅಲ್ಲೆ ಯಾವದೋ ಕಪಾಟಿನ್ಯಾಗ ಬಿದ್ದಿರತೈತಿ, ಯಾರೂ ಓದಿರೂದಿಲ್ಲ... ಹಂಗಾರ ತಿದ್ದಾಕ ಏನು ತ್ರಾಸು ಅಂತ ನೋಡ್ತಿ ಅಲ್ಲಾ? ಯಾರೂ ಓದಲಾರದ ಕಾಗದಾನ ತಿದ್ದೂದು ಭಾಳ ಕಠಿಣ, ತಮ್ಮಾ. ಓದಿದ್ದರ ಯಾರರೆ ಇಷ್ಟೊತ್ತಿಗೆ ತಿದ್ದತಿದ್ದರು.

ಕುಂದ್ರು. ನೀ ಹಂಗ ನೆಟ್ಟಗ ನಿಂತರ ಇದು ಕಚೇರಿ ಅನಸೂದಿಲ್ಲ, ಪರೇಡ ಅನಸತೈತಿ. ಆ ಖುರ್ಚಿ ಬ್ಯಾಡ, ಅದರ ಕಾಲು ಮುರದೈತಿ. ಅದನ್ನ ಅರ್ಜಿ ತಗೊಂಡು ಬರೂ ಮಂದಿಗೆ ಅಂತ ಇಟ್ಟೇವಿ.

ಬೆರಳು ತಗಿ ಅದರ ಮ್ಯಾಲಿಂದ. ನನ್ನ ಅಕ್ಷರ ನನಗ ಗುರ್ತು ಸಿಗೂದಿಲ್ಲೇನು? ಹನ್ನೊಂದನೇ ಕಾಲಮು, ಮರಣಕ್ಕೆ ಕಾರಣ. "ರಕ್ಷಣಾ ದೋಣಿ ಹೋದಾಗ ಮೃತನು ಮಗ್ಗ ಬಿಟ್ಟು ಬರಲು ನಿರಾಕರಿಸಿದನು." ಶುದ್ಧ ಕನ್ನಡ. ಒಂದು ಒತ್ತಕ್ಷರ ಸೈತ ತಪ್ಪಿಲ್ಲ. ಆದರ ಆ ಸತ್ತವರ ಯಾದಿ ತಂದು ಇಳಕಲ್ಲಾಗ ಬಸ್ ಸ್ಟ್ಯಾಂಡಿನ ಗ್ವಾಡಿಗೆ ಹಚ್ಚಬಾರದಿತ್ತು, ಅದು ಖರೆ. ಬಿಜಾಪುರದಾಗ ಯಾರೂ ಓದಲಿಲ್ಲ. ಇಳಕಲ್ಲಾಗ ಎಲ್ಲಾರೂ ಓದಿದರು.

ನಿಮ್ಮವ್ವ ಬಸಲಿಂಗವ್ವ ನಿಮ್ಮಣ್ಣನ ಫೋಟೋ ಹಾಕಗೊಡವಲ್ಲಳು ಅಂತ ನಿನ್ನೆನ ಹೇಳಿದಿ. ಹೆತ್ತಾಕಿನ್ನ, ಹೇಂತಿನ್ನ, ಹುಡುಗೂರನ್ನ ಬಿಟ್ಟು ಕಟಗಿ ಮಗ್ಗ ಹಿಡಕೊಂಡು ಕುಂತ ಮಗ ನನಗ ಬ್ಯಾಡ ಅಂತಾಳ. ನೀ ಸೂಟಿ ಮುಗಿಸಿ ನಾಡದು ಅಸ್ಸಾಮಿಗೆ ನಿನ್ನ ಪಲ್ಟನ್ನಿಗೆ ಹೋಗ್ತಿ. ಅದರೊಳಗ ಈ ಸಾಲು ಹೋಗಬೇಕು, ಹೋದದ್ದನ್ನ ಆಕಿಗೆ ಓದಿ ಹೇಳಬೇಕು, ಫೋಟೋ ಗ್ವಾಡಿಗೆ ಏರಬೇಕು. ತಿಳೀತು. ಇದರಾಗ ತಿಳೀಲಾರದ್ದು ಏನೂ ಇಲ್ಲ. ಆದರ ಕಾಗದ ಅಂದರ...

ಏನು ನಡೀತು ಅಷ್ಟ ಹೇಳಂತಿ? ಹೇಳ್ತೇನಿ. ಹೇಳಾಕೇನು.

ಪೂರ್ವದ ಸಮುದ್ರದಾಗ ತುಫಾನ ಎದ್ದೈತಿ ಅಂತ ರೇಡಿಯೋದಾಗ ಹೇಳಿದರು. ನಮಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನಾ ರೇಡಿಯೋ ಬಂದ್ ಮಾಡಿದೆ. ಮೂರು ದಿನ ಒಂದ ಸವನ ಮಳಿ ಬಿತ್ತು. ಮೂರನೇ ದಿನ ಮುಂಜಾನೆ ಹಳ್ಳ ಎದ್ದು ನಿಮ್ಮ ಓಣಿಯೊಳಗ ಬಂತು. ನಿಮ್ಮದು ಕುಣಿ ಮಗ್ಗ. ಕಾಲು ಇಳೀಬಿಟ್ಟು ಕುಂದ್ರೂ ಆ ಕುಣಿ ಎಲ್ಲಾಕ್ಕಿಂತ ಮೊದಲ ತುಂಬತೈತಿ. ನಿಮ್ಮವ್ವ ಹುಡುಗೂರನ ಕರಕೊಂಡು ಹಿಂದಿನ ವಾರನ ಬಾದಾಮಿಗೆ ಮಗಳ ಮನಿಗೆ ಹೋಗಿದ್ಲು. ನಿಮ್ಮಣ್ಣ ನಿಮ್ಮ ವೈನಿ ಸುಂದರವ್ವನ್ನ ಓಣಿ ಮಂದಿ ಕೂಡ ಮೊದಲನೇ ದೋಣಿಯಾಗ ಹತ್ತಿಸಿ, ತಾ ಮಗ್ಗದ ಹಾಸು ಕೊಯ್ದು ಸುತ್ತಿಕೊಂಡು ಮುಂದಿನ ದೋಣಿಗೆ ಬರ್ತೇನಿ ಅಂದನಂತ. ರೇಷ್ಮಿ ನೂಲು, ಎರಡು ದಿನ ಕುಂತು ಒಂದೊಂದ ಎಳಿ ಗಂಟು ಹಾಕಿ ಹೂಡಿದ್ದು. ನೀರು ಹತ್ತಿದರ ಬಣ್ಣ ಒಂದರಾಗೊಂದು ಹರೀತೈತಿ. ನೇಕಾರ ಅದನ್ನ ಹಂಗ ಬಿಟ್ಟು ಬರೂದಿಲ್ಲ. ನೀನ ಹೇಳು, ಬರತಾನೇನು? ಹಂಗಾರ ನಿರಾಕರಿಸಿದ ಅಂತ ಬರದರ ಏನು ಸುಳ್ಳಾತು?

...ಹೌದು. ಮುಂದಿನ ದೋಣಿಗೆ ಬರ್ತೇನಿ ಅಂದ. ಅಷ್ಟು ಚಲೋ ಕೇಳಿಸ್ಕೊಂಡಿ ನೀ.

ಮಿಲಿಟ್ರಿಯವರು ಬೆಳಗಾವಿಯಿಂದ ಬಂದಿದ್ದರು. ಮೂರು ರಬ್ಬರ ದೋಣಿ, ಒಂದಕ್ಕ ತೂತು. ಸಿಟ್ಟಾಗಬ್ಯಾಡ, ನಿಮ್ಮ ಮಂದಿ ಕೆಲಸ ಚಲೋನ ಮಾಡಿದರು. ಊರ ಮಂದಿನೂ ಮಾಡಿದರು. ಲಾರಿ ಗಾಲಿಯ ಟ್ಯೂಬು ಕಟಗೊಂಡು ಈಸಿದಾಂವ ಒಬ್ಬ, ಕೊಪ್ಪರಿಗಿಯೊಳಗ ಎರಡು ಕೂಸು ಕುಂದ್ರಿಸಿ ತಳ್ಳಿಕೋತ ಬಂದಾಕಿ ಒಬ್ಬಾಕಿ. ನಾ ಎತ್ತರದ ಸಾಲಿ ಪಾವಟಿಗಿ ಮ್ಯಾಲ ಮೇಜು ಹಾಕ್ಕೊಂಡು ಕುಂತಿದ್ದೆ. ಸರಕಾರದ ಪಾಲಿನ ಶೌರ್ಯ ಅಷ್ಟ. ನಾ ಯಾದಿಯೊಳಗ ಹೆಸರು ಬರದು ಚೀಟಿ ಕೊಡಬೇಕು, ಆಮ್ಯಾಲ ದೋಣಿ ಹೋಗಬೇಕು. ಹಿಂದಿನ ದಿನ ಕೆಳಗಿನ ಓಣಿಯೊಳಗ ಒಬ್ಬ ಮುದುಕನ ಸಲುವಾಗಿ ದೋಣಿ ಎರಡು ಸಲ ಹೋಗಿ ಬಂತು. ಅಂವ ಅಲ್ಲೆ ಸಾಲಿಯೊಳಗ ಕುಂತು ಉಪ್ಪಿಟ್ಟು ತಿನ್ನಾಕತ್ತಿದ್ದ. ಅದಕ್ಕ ಸಾಹೇಬರು ಹುಕುಂ ಮಾಡಿದರು, ಹೆಸರಿಲ್ಲದ ದೋಣಿ ಇಲ್ಲ ಅಂತ.

ಯಾಕ ನಗ್ತಿ? ...ನಗು. ನಾನೂ ನಕ್ಕಿದ್ದೆ.

ಇನ್ನ ಎರಡನೇ ದೋಣಿ ಯಾಕ ತಡಾ ಆತು ಅಂದರ... ಯಂತ್ರ. ಯಂತ್ರ ಚಾಲೂ ಆಗಲಿಲ್ಲ. ಪೆಟ್ರೋಲಿನ್ಯಾಗ ನೀರು ಹೊಕ್ಕಿತ್ತು, ಎಳದರು, ಎಳದರು, ಬರೇ ಹೊಗಿ...

ಏನು? ಯಾವ ಯಂತ್ರ ಅಂದರ? ದೋಣಿ ಯಂತ್ರ. ...ನೀ ಎಂಜಿನಿಯರ್ ಪಲ್ಟನ್ನಿನ್ಯಾಗ ಅದಿ ಅನ್ನೂದು ಮರತಿದ್ದೆ. ಸರಿ. ಯಂತ್ರ ಚಲೋ ಇತ್ತು. ಹವಾಲ್ದಾರ ಅದನ್ನ ಚಾಲೂ ಮಾಡಿ, ಹಗ್ಗ ಬಿಚ್ಚಿ ಕುಂತಿದ್ದ.

ನಿಮ್ಮ ವೈನಿ ಮೇಜಿನ ಮುಂದ ಬಂದು ನಿಂತಳು. ನಮ್ಮ ಮನಿಯವರು ಮಾಳಗಿ ಮ್ಯಾಲ ಅದಾರ್ರಿ, ದೋಣಿ ಕಳಸ್ರಿ ಅಂದಳು. ಹೆಸರು ಹೇಳು ಅಂದೆ.

ಹಾಂ. ಈಗ ನಿನ್ನ ನಗು ನಿಂತಿತು.

ಹಿಂದಕ್ಕ ಹೊಳ್ಳಿ ನೋಡಿದಳು, ತನ್ನ ಬದಲಿ ಹೇಳಾಕ ಯಾರರೆ ಸಿಕ್ಕಾರೇನು ಅಂತ. ಓಣಿ ಮಂದಿನ್ನ ಆಗಲೇ ಲಾರಿಯಾಗ ಇನ್ನೊಂದು ಸಾಲಿಗೆ ಕಳಿಸಿಬಿಟ್ಟಿದ್ದರು. ಪಾಳಿ ಹಚ್ಚಿದವರೆಲ್ಲಾ ಬ್ಯಾರೆ ಓಣಿಯವರು. ಬಸಲಿಂಗವ್ವನ ಹಿರೇ ಮಗ್ರಿ ಅಂದಳು. ಹೆಸರು ಅಂದೆ. ಕಡೀ ಮನಿ, ಕೆಂಪು ಬಾಗಲಾ ಅಂದಳು. ನಾ ಪೆನ್ನು ಕೆಳಗಿಟ್ಟೆ.

ನೋಡು, ನಾ ಧಾರವಾಡದಾಗ ಸಮಾಜಶಾಸ್ತ್ರದ ಎಂ.ಎ. ಮಾಡಿದಾಂವ. ಗಂಡನ ಹೆಸರು ಹೇಳಲಾರದ ಹೆಂಗಸರ ಮ್ಯಾಲ ಮೂವತ್ತು ಪುಟದ ಪ್ರಬಂಧ ಬರದೇನಿ. ಮದುವಿಯೊಳಗ ಒಡಪು ಕಟ್ಟಿ ಅದರಾಗ ಮುಚ್ಚಿ ಹೇಳ್ತಾರ, ಬರೇ ಬಾಯಿಲೆ ಹೇಳಿದರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ತಿಳೀತಾರ, ಎಲ್ಲಾ ಬರದಿದ್ದೆ. ಮಾಸ್ತರು ಮೆಚ್ಚಿ ಎಲ್ಲಾರ ಮುಂದ ಓದಿಸಿದ್ದರು. ಆ ಪ್ರಬಂಧ ಹನ್ನೆರಡು ವರ್ಷದ ಮ್ಯಾಲ ತಾನಾಗಿ ನಡದು ಬಂದು ನನ್ನ ಮೇಜಿನ ಮುಂದ ನಿಂತಿತ್ತು, ತೊಯ್ದು, ನಡುಗಿಕೋತ.

"ಗಂಡ ಬೇಕೋ, ಪದ್ಧತಿ ಬೇಕೋ?" ಅಂತ ಕೇಳಿದೆ.

ಹವಾಲ್ದಾರ ಸಾತಾರಾ ಕಡ್ಯಾಂವ. ನಮ್ಮ ಕಡೇನೂ ಹೆಂಗಸರು ಹೇಳೂದಿಲ್ಲ, ಏನರೆ ಒಂದು ಬರದು ಕೊಡ್ರಿ, ನಾ ಹೋಗ್ತೇನಿ ಅಂದ. ಕಾನೂನು ಅಂದರ ಕಾನೂನು ಅಂದೆ ಅವಗ, ಹಿಂದಿಯೊಳಗ. ನನ್ನ ಹಿಂದಿ ಬರೋಬರಿಲ್ಲ, ಆದರ ಆ ಮಾತು ಮಾತ್ರ ಚಲೋ ಬಂತು.

ಎಷ್ಟು ಹೊತ್ತು ಅಂದರ? ...ಐದು ಮಿನಿಟು. ...ಹತ್ತು ಇರಬೇಕು. ನನ್ನ ಎಚ್.ಎಂ.ಟಿ. ವಾಚಿನೊಳಗ ನೀರು ಹೊಕ್ಕು ನಿಂತಿತ್ತು, ಹಂಗಾಗಿ... ಸಾಲಿ ಗಡಿಯಾರ ನಡದಿತ್ತು. ಇಪ್ಪತ್ತೈದು ಮಿನಿಟು.

ಆಮ್ಯಾಲ ಹೇಳಿದಳು. ಒಡಪಿಲ್ಲ, ಏನಿಲ್ಲ. ಬರೇ ಹೆಸರು, ಅಷ್ಟು ಗಂಡಸರ ಮುಂದ. ಹೇಳಿ ಸೆರಗಿಲೆ ಬಾಯಿ ಒತ್ತಿ ಹಿಡಕೊಂಡಳು. ನಾ ಚೀಟಿ ಬರದೆ. ಅಕ್ಷರ ಚಂದ ಮಾಡಿ ಬರದೆ. ಗೆದ್ದೆ ಅನಸಿತ್ತು, ಖರೆ ಹೇಳ್ತೇನಿ. ದೋಣಿ ಹೋತು. ಹೋಗೂದರೊಳಗ ಮಣ್ಣಿನ ಗ್ವಾಡಿ ಕುಸದು ಮಾಳಗಿ ನೀರಾಗ ಹೋಗಿತ್ತು. ಹಾಸಿನ ಸುರಳಿ ಬೇವಿನ ಗಿಡಕ್ಕ ಸಿಕ್ಕೊಂಡಿತ್ತು, ಅದನ್ನ ತಂದರು. ಅವನ್ನ ಮರುದಿನ ತಂದರು.

ಹನ್ನೊಂದನೇ ಕಾಲಮು ಯಾಕ ಖಾಲಿ ಐತಿ ಅಂತ ಸಂಜೀಕ ಸಾಹೇಬರು ಕೇಳಿದರು. ಅಲ್ಲೆ ಎರಡ ಮಾತು ನಡೀತಾವ. ಒಂದು ವಿಳಂಬ. ವಿಳಂಬ ಅಂತ ಬರದರ ಅದರ ಮಗ್ಗಲದಾಗ 'ಯಾರಿಂದ' ಅನ್ನೂ ಕಾಲಮು ಐತಿ. ಇನ್ನೊಂದು ನಿರಾಕರಣೆ. ಅದರ ಮಗ್ಗಲದಾಗ ಏನೂ ಇಲ್ಲ. ಸತ್ತಾಂವ ತಕರಾರು ಮಾಡೂದಿಲ್ಲ.

ಇಷ್ಟ. ಇದೆಲ್ಲಾ ನಿನಗ ಮೊದಲ ಗೊತ್ತಿತ್ತು, ನನ್ನ ಬಾಯಿಲೆ ಕೇಳಾಕ ಬಂದಿ. ನಿಮ್ಮ ವೈನಿ ಹೇಳಿ ಕಳಿಸಿರಬೇಕು.

...ಹೇಳಿಲ್ಲ?

ಒಂದು ಮಾತೂ? ನಾಲ್ಕು ತಿಂಗಳು ನಿಮ್ಮವ್ವ ಮಗನ್ನ ಬೈಯೂದು ಕೇಳಿಕೋತ, ಆ ಸಾಲು ಸುಳ್ಳು ಅಂತ ಗೊತ್ತಿದ್ದೂ, ಆಕಿ ಸುಮ್ಮ ಕುಂತಾಳಾ? ನನ್ನ ಹೆಸರೂ ಎತ್ತಿಲ್ಲಾ?

...ಹಂಗಾರ ತಾ ಹೆಸರು ಹೇಳಿದ್ದಕ್ಕ ಗಂಡ ಸತ್ತ ಅಂತ ತಿಳದಾಳ. ತಾನ ಕೊಂದೆ ಅಂತ. ಹೇಳಿದಳು, ದೋಣಿ ಹೋತು, ಮನಿ ಇರಲಿಲ್ಲ. ಆಕಿ ಲೆಕ್ಕದಾಗ ಎಲ್ಲಾ ಬರೋಬರಿ ಕೂಡತೈತಿ.

ನೀ ಹೋಗಿ ಹೇಳು ಆಕಿಗೆ. ಹೆಸರಿನಿಂದ ಅಲ್ಲ, ಹೊತ್ತಾಗಿದ್ದಕ್ಕ ಸತ್ತ ಅಂತ ಹೇಳು. ನಿಮ್ಮವ್ವಗೂ ಹೇಳು. ಅಂವ ನಿರಾಕರಿಸಲಿಲ್ಲ. ದೋಣಿ ಹೋದಾಗ ಅಲ್ಲೆ ನಿರಾಕರಿಸಾಕ ಯಾರೂ ಇರಲಿಲ್ಲ. ಫೋಟೋ ಹಾಕ್ರಿ. ಕಾರಕೂನ ಏನು ಮಾಡ್ಯಾನು, ಮ್ಯಾಲಿನವರ ಹುಕುಂ ಇತ್ತು, ಆಕಿ ಹೆಸರು ಹೇಳಲಾರದ ಹೆಂಗ ಬರದಾನು ಅಂತನೂ ಹೇಳು...

ಯಾಕ ಎದ್ದಿ? ಕುಂದ್ರು.

ಹುಲ್ಲಪ್ಪ. ಏನರೆ ಅನ್ನು. ಬೈ ಬೇಕಾದರ. ಹಂಗ ನೋಡಿಕೋತ ನಿಂದ್ರಬ್ಯಾಡ.

...ಸರಿ. ಗೊತ್ತಿತ್ತು. ಆಕಿ ಪಾವಟಿಗಿ ಏರಿ ಬರೂವಾಗನ ಅವನ ಹೆಸರು ನನಗ ಗೊತ್ತಿತ್ತು. ನಿಮ್ಮ ಮನಿಯಾಗ ರೊಟ್ಟಿ ತಿಂದಾಂವ ನಾ, ಅವಾಗ ನೀ ಸಣ್ಣಾಂವ. ನಿನಗೂ ನೆನಪೈತಿ, ಅದಕ್ಕ ಎದ್ದಿ. ಐದನೇತ್ತಾದಿಂದ ಮ್ಯಾಟ್ರಿಕ್ ತನಕ ದಿನಾ ಮುಂಜಾನೆ ಮಾಸ್ತರು ಹಾಜರಿ ಕರೀತಿದ್ದರು. ಮೊದಲನೇ ಹೆಸರು ಅಮಾತೆಪ್ಪ, ನಿಮ್ಮಣ್ಣ. ಅವನ ಹಿಂದ ಈರಪ್ಪ, ನಾ.