ಮಂಡಿಯಿಂದ ಓಡಿಸಿದ ನೋವು

ಹೃದಯದ ಡಾಕ್ಟರ ಕೋಣೆಯ ಹೊರಗೆ, ನನ್ನ ಎದುರಿನ ಬೆಂಚಿನಲ್ಲಿ ಅತ್ತೆ, ಸೊಸೆ. ನಡುವೆ ಏದುಸಿರು ಬಿಡುತ್ತಿದ್ದ ಮೊಮ್ಮಗಳು.

“ಗಂಟಲುನೋವಿನ ಮಾತ್ರೆ ಪೂರ್ತಿ ಕೊಡಿ ಅಂದಿದ್ರು, ಅತ್ತೆ.”

“ನೋವು ಹೋದ್ಮೇಲೂ ನುಂಗಿಸ್ತಾರೇನೇ? ಮಿಕ್ಕಿದ್ದನ್ನ ಮುಂದಿನ ಸಲಕ್ಕೆ ಎತ್ತಿಟ್ಟಿದೀನಿ.”

“ಆಮೇಲೆ ಇವಳ ಮಂಡಿ ಊದ್ಕೊಂಡಿತ್ತಲ್ಲ?”

“ನನ್ನ ಎಣ್ಣೆ ಹಚ್ಚಿದ್ದೇ ತಡ, ನೋವು ಮಂಡಿ ಬಿಟ್ಟು ಓಡಿಹೋಯ್ತು!”

“ಮೊಣಕೈಗೆ ಬಂತು.”

“ಅಲ್ಲಿಂದಾನೂ ಓಡಿಸಿದೆ. ನನ್ನ ಎಣ್ಣೆ ಅಂದ್ರೆ ಸುಮ್ನೇನಾ?”

“ಅದು ರುಮ್ಯಾಟಿಕ್ ಜ್ವರವಂತೆ, ಗಂಟಲಿಂದಾನೇ ಶುರುವಂತೆ. ಕೀಲುನೋವು ತಾನಾಗೇ ಹೋಗತ್ತಂತೆ. ಹಾರ್ಟಿನ ವಾಲ್ವಿಗೆ ಆದ ಗಾಯ ಮಾತ್ರ ಉಳ್ಕೊಳತ್ತಂತೆ.”

ಅಷ್ಟರಲ್ಲಿ ನರ್ಸ್ ಕರೆದಳು. ಸೊಸೆ ಮಗಳನ್ನು ಎತ್ತಿಕೊಂಡು ಒಳಗೆ ನಡೆದಳು. ಅತ್ತೆ ಚೀಲದಿಂದ ಸೀಸೆ ತೆಗೆದು ಹಿಂದೆಯೇ ಓಡಿದರು:

“ಎದೆಗೆ ಯಾವ ಕಡೆ ಹಚ್ಬೇಕು ಅಂತ ಕೇಳ್ಬಿಡೇ!”