ಗೆರೆಗಳು ಕೂಡುವ ಜಾಗ

...ಕೋವಿ ಸ್ಕೋಪು ಆರು ಪಟ್ಟು ದೊಡ್ಡದಾಗಿ ತೋರಿಸಿದ್ರೆ ಸಾಕು ಅಂದೋನು ನಾನೇ. ಹೌದು. ಜೀವಮಾನ ಪೂರ್ತಿ ಅಂದೆ. ಈಗ ಹದಿನಾರು ಬೇಕು ಅಂತಿದ್ದೀನಿ. ಏನೀಗ?

ಯಾಕೋ ನಗ್ತೀಯ? ನಗಬೇಡ ವರ್ಲಿನ್. ಮನುಷ್ಯ ಅಂದ್ಮೇಲೆ ಮನಸ್ಸು ಬದಲಾಯಿಸ್ತಾನೆ. ನೀನು ಎರಡು ಸಲ ಚರ್ಚ್ ಬದಲಾಯಿಸ್ದೆ. ನಾನೇನಾದ್ರೂ ಕೇಳಿದ್ನಾ?

ಕೂತ್ಕೋ. ಅಲ್ಲಲ್ಲ. ಎದುರಿಗೆ ಬೇಡ. ಈ ಕಡೆ, ನನ್ನ ಎಡಕ್ಕೆ... ಸುಮ್ನೆ. ಎದುರಿಗೆ ಕೂತ್ರೆ ನಿನ್ನ ಟೋಪಿ ಬೆಟ್ಟಕ್ಕೆ ಅಡ್ಡ ಬರ್ತದೆ.

ಎರಡೂ ಸ್ಕೋಪು ಮರಳು ಚೀಲದ ಮೇಲೆ ಇಟ್ಯಾ? ಸರಿ. ಕೋವಿಗೆ ಬಿಗಿಯೋದು ಆಮೇಲೆ. ಮೊದಲು ಬರೀ ಸ್ಕೋಪು ನೋಡ್ಬೇಕು. ಸಂಜೆ ಬೆಳಕಲ್ಲಿ ನೋಡ್ಬೇಕು. ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತು ನೋಡಿದ್ರೆ ಎಲ್ಲಾ ಸ್ಕೋಪೂ ಚೆನ್ನಾಗೇ ಕಾಣ್ತದೆ. ನಾಳೆ ಒಂದನ್ನ ವಾಪಸ್ ಕೊಡ್ಬೇಕು ಅಂದ್ಯಲ್ಲ? ಆರರದ್ದು ಕೊಟ್ಬಿಡು.

ಬಳೆ ತಿರುಗಿಸಿ ಪಟ್ಟು ಹೆಚ್ಚು ಕಮ್ಮಿ ಮಾಡೋ ಸ್ಕೋಪು ತರಲಿಲ್ಲ, ಒಳ್ಳೇದು ಮಾಡ್ದೆ. ಅದರ ಗೋಳು ನಂಗೆ ಬೇಡ. ನಾವು ದುಡ್ಡು ತಗೊಂಡು ಬೇಟೆಗೆ ಕರ್ಕೊಂಡು ಹೋದ ಶಿಕಾಗೋ ವಕೀಲ ನೆನಪಿದ್ದಾನಾ? ಹಿಂದಿನ ದಿನ ಬಳೆನ ಪೂರ್ತಿ ಹತ್ತಿಸಿ ಚಂದ್ರನ್ನ ನೋಡ್ದ. ಇಳಿಸೋಕೆ ಮರೆತ. ಬೆಳಿಗ್ಗೆ ಮರದ ಸಂದಿಯಿಂದ ಕುದುರೆ ಗಾತ್ರದ ಎಲ್ಕ್ ಜಿಂಕೆ ಎದ್ದು ಬಂತು, ಇಲ್ಲಿಂದ ಆ ನೀರಿನ ತೊಟ್ಟಿಯಷ್ಟು ದೂರಕ್ಕೆ. "ಕೂದಲು! ಬರೀ ಕೂದಲು ಕಾಣ್ತಿದೆ!" ಅಂತ ಕಿರುಚ್ದ. ಎಲ್ಕ್ ಅವನ ಮುಖ ನೋಡಿ ಹೋಯ್ತು. ನೀನು ಹೇಸರಗತ್ತೆ ಹಿಂದೆ ಬಚ್ಚಿಟ್ಕೊಂಡು ನಕ್ಕೆ.

ಅದಕ್ಕೇ ತಿರುಗಿಸೋದು ಬೇಡ. ಒಳಗೆ ಓಡಾಡೋ ಗಾಜು ಬೇಡ. ಹೇಸರಗತ್ತೆ ಬೆನ್ನಿಂದ ಬಿದ್ರೂ ಗುರಿ ಕದಲಬಾರದು. ಕೈ ಮರಗಟ್ಟಿದಾಗ ಮುಟ್ಟೋಕೆ ಏನೂ ಇರಬಾರದು. ಎತ್ತು, ನೋಡು, ಹೊಡಿ.

ಏನಂದೆ?... ಹದಿನಾರರಲ್ಲೂ ಕೂದಲೇ ಕಾಣೋದು ಅಂತೀಯಾ?

ಅದು ಬೇರೆ. ಎಲ್ಕ್ ಮರದ ಸಂದೀಲಿ ಸಿಗೋದು. ಇದು ಕಾಡು ಟಗರು. ಮರವೇ ಇಲ್ಲದ ಎತ್ತರ. ಈ ಬಂಡೆಯಿಂದ ಆ ಬಂಡೆಗೆ ನಾನೂರು ಗಜ. ಕೊಂಬು ಮುಕ್ಕಾಲು ಸುತ್ತು ತಿರುಗಿರ್ಬೇಕು. ಕಮ್ಮಿ ಇದ್ದದ್ದನ್ನ ಹೊಡೆದ್ರೆ ದಂಡ, ಕೋವಿ ಜಪ್ತಿ, ಊರಲ್ಲಿ ಮುಖ ತೋರ್ಸೋ ಹಾಗಿಲ್ಲ. ಕೊಂಬು ಅಳೆಯೋಕೆ ದೊಡ್ಡದಾಗಿ ಕಾಣ್ಬೇಕು. ಅದಕ್ಕೆ ಹದಿನಾರು.

ಗೊತ್ತು. ಕೊಂಬು ಅಳೆಯೋಕೆ ದುರ್ಬೀನು ಇದೆ, ಪಕ್ಕದಲ್ಲಿ ನೀನಿದ್ದೀಯ. ನಾನೇ ಎಲ್ಲರಿಗೂ ಹೇಳ್ತಿದ್ದ ಮಾತು ಅದು. ನನ್ನ ಮಾತನ್ನ ನಂಗೇ ತಿರುಗಿಸಿ ಹೊಡೀಬೇಡ.

ಹದಿನಾರು ನಡುಗ್ತದೆ. ಗೊತ್ತು. ಎದೆ ಬಡಿತ ಕೂಡ ಅದರಲ್ಲಿ ಕಾಣ್ತದೆ. ಕಾಣ್ಲಿ ಬಿಡು. ಇನ್ನೂ ಬಡೀತಿದೆಯಲ್ಲ.

ಬೆಳಕು ಕಮ್ಮಿ ಬರ್ತದೆ. ಗೊತ್ತು. ನೋಟ ಕಿರಿದು, ಟಗರು ಎಲ್ಲಿದೆ ಅಂತ ಹುಡುಕೋ ಹೊತ್ತಿಗೆ ಅದು ಮನೆಗೆ ಹೋಗಿರ್ತದೆ. ಅದೂ ಗೊತ್ತು. ಎಲ್ಲಾ ಗೊತ್ತಿದ್ದೇ ಕೇಳ್ತಿದ್ದೀನಿ ಕಣೋ. ಹದಿನಾರು.

ನೀನೇನು ಹೀಗೆ ನೋಡ್ತಿದ್ದೀಯ?

ನಾನಾ? ನಾನು ನಿನ್ನ ಕಿವಿ ನೋಡ್ತಿದ್ದೀನಾ? ನೋಡ್ತೀನಪ್ಪ. ನಿನ್ನ ಮುಖಕ್ಕಿಂತ ನಿನ್ನ ಕಿವಿ ವಾಸಿ. ಆರ್ಡಿಸ್ ನನ್ನ ಮದುವೆಯಾದ ದಿನಾನೇ ಹೇಳಿದ್ಳು, ನಮ್ಮಣ್ಣನಿಗೆ ಕಿವಿ ಬಿಟ್ರೆ ಬೇರೇನೂ ನೆಟ್ಟಗಿಲ್ಲ ಅಂತ.

ಅವಳೇನಾದ್ರೂ ಹೇಳಿದ್ಳಾ?

ಇಲ್ಲ, ಸುಮ್ನೆ ಕೇಳ್ದೆ. ಅಣ್ಣ ತಂಗಿ ಫೋನಲ್ಲಿ ಪಿಸುಪಿಸು ಅಂತಿರ್ತೀರಲ್ಲ. ಇವತ್ತು ನೀನು ಬರ್ತೀಯ ಅಂದ ತಕ್ಷಣ ಅವಳು ಚರ್ಚ್ ಊಟಕ್ಕೆ ಹೊರಟ್ಳು. ಪಿಕಪ್ ಕೀಲಿ ಕೈಚೀಲದಲ್ಲಿ ಹಾಕ್ಕೊಂಡು ಹೋದ್ಳು. ಮೇ ತಿಂಗಳಿಂದ ಹೀಗೇ. ನಾನು ಗಾಡಿನ ಅಂಚೆ ಡಬ್ಬಿಗೆ ಗುದ್ದಿದ್ದು ಹಿಮ ಇತ್ತು ಅಂತ. ಮೇ ತಿಂಗಳಲ್ಲಿ ಹಿಮ ಬೀಳಲ್ವಾ? ವಯೋಮಿಂಗ್‌ನಲ್ಲಿ ಹುಟ್ಟಿದೋನು ನೀನು, ನೀನೇ ಹೇಳು!

ಅವತ್ತು ಬಿಸಿಲಿತ್ತಾ... ಇದ್ದಿರ್ಬಹುದು. ಬಿಸಿಲು ಕಣ್ಣಿಗೆ ಹೊಡೀತು.

ಕಣ್ಣಿಗೇನಾಗಿದೆ? ಏನೂ ಆಗಿಲ್ಲ. ಲ್ಯಾಂಡರ್ ಪೇಟೆ ಡಾಕ್ಟರ ಹತ್ರ ಹೋಗಿದ್ದು ಹಲ್ಲಿಗೆ.

ಹಲ್ಲಿಗೆ ಕಣೋ! ಹಲ್ಲಿಗೆ ಮೂರು ಸಲ ಹೋಗಬಾರದಾ? ನೀನೇನು ಪೊಲೀಸಾ? ಸ್ಕೋಪು ತಂದು ಕೊಡು ಅಂದ್ರೆ ಹೇಳಿಕೆ ತಗೊಳ್ಳೋಕೆ ಬಂದ್ಯಾ?

...ಸರಿ. ಕೂಗಲ್ಲ.

ನೋಡು ವರ್ಲಿನ್. ಈ ಕುರ್ಚಿ ಇದೆಯಲ್ಲ, ಬೆಳಿಗ್ಗೆ ಇದರಲ್ಲಿ ಕೂರ್ತೀನಿ. ಮಧ್ಯಾಹ್ನ ಅವಳು ಸೂಪ್ ಕೊಡ್ತಾಳೆ. ಸಂಜೆ ಮತ್ತೆ ಇದೇ ಕುರ್ಚಿ. ಎದುರಿಗೆ ಬೆಟ್ಟ. ಹತ್ತೋ ಹಾಗಿಲ್ಲ. ರಸ್ತೆ ಇದೆ, ಪಿಕಪ್ ಇಲ್ಲ. ರೇಡಿಯೋದಲ್ಲಿ ಜಾನುವಾರು ದರ ಹೇಳ್ತಾರೆ. ನನ್ನ ಹತ್ರ ಜಾನುವಾರೇ ಇಲ್ಲ. ನೆಲ ತೋಡೋ ಬ್ಯಾಜರ್ ಬೋನಿಗೆ ಬಿದ್ದದ್ದು ನೋಡಿದ್ದೀಯಲ್ಲ, ಸ್ವಲ್ಪ ಹೊತ್ತು ಕೆರೀತದೆ, ಆಮೇಲೆ ಸುಮ್ನೆ ಕೂರ್ತದೆ. ನಂಗೆ ಇನ್ನೂ ಕೆರೆಯೋ ಆಸೆ ಇದೆ.

ಆ ಟಗರಿನ ಪರವಾನಗಿಗೆ ಪ್ರತಿ ವರ್ಷ ಅರ್ಜಿ ಹಾಕ್ದೆ. ಪ್ರತಿ ವರ್ಷ ಲಾಟರಿ ಬೇರೆಯವರ ಹೆಸರಿಗೆ ಬಂತು. ಈ ವರ್ಷ ಆರ್ಡಿಸ್ ಕಾಗದ ಓದಿ ಹೇಳಿದಾಗ ನಂಬಲಿಲ್ಲ, ಇನ್ನೊಂದ್ಸಲ ಓದ್ಸಿದೆ. ನನ್ನ ವಯಸ್ಸಿಗೆ ಇನ್ನೊಂದು ಬರಲ್ಲ. ಮುಂದಿನ ವಾರ ಟಗರು ಬೇಟೆ ಶುರು. ಹೇಸರಗತ್ತೆ ನಿನ್ನವು. ದಾರಿ ಬಲ್ಲೋನು ನೀನು. ನೀನು ಬರಲ್ಲ ಅಂದ್ರೆ ನಾನು ಹೋಗಲ್ಲ. ಅಷ್ಟೇ.

ಯಾಕೆ ನಾನೇ ಓದಲಿಲ್ಲ ಅಂದ್ರೆ? ಕನ್ನಡಕ ಒಳಗಿತ್ತು.

ಸಾಮಾನೆಲ್ಲಾ ಕಟ್ಟಿಟ್ಟಿದ್ದೀನಿ. ಹಾಸಿಗೆ, ಟಾರ್ಪಾಲು, ಒಣಗಿಸಿದ ಮಾಂಸ. ಕಿತ್ತಳೆ ಅಂಗಿ ಹಿಂಬಾಗಿಲ ಮೊಳೇಲಿ ಇದೆ, ಕುರುಡನಿಗೂ ಕಾಣೋ ಬಣ್ಣದ್ದು. ನನ್ನಿಂದ ನಿಂಗೇನೂ ಕೆಲಸ ಇಲ್ಲ. ಹೇಸರಗತ್ತೆ ಮೇಲೆ ಕೂರಿಸು, ಬಂಡೆ ಮೇಲೆ ಮಲಗಿಸು. ಎಲ್ಲಿದೆ ಅಂತ ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ.

ಹ್ಞಾ? ಹೊಲದ ತುದಿ ಕಂಬದಲ್ಲಿ ಏನಿದೆ ಅಂತಾನಾ? ಕಂಬದಲ್ಲಿ ಏನಿರ್ತದೆ, ತಂತಿ ಇರ್ತದೆ.

ಮೇಲೆ?... ಗಿಡುಗ. ದಿನಾ ಕೂರ್ತದಲ್ಲ. ಕೂತಿದೆ.

ಇಲ್ವಾ?

ಹಾರಿ ಹೋಗಿರ್ಬೇಕು. ಈಗ ತಾನೇ ಇತ್ತು. ಕಣ್ಣು ಮಿಟುಕಿಸಿದೆ ನೋಡು, ಆವಾಗ ಹಾರ್ತು.

ಎಲ್ಲಿಗೆ ಎದ್ದೆ?

ಕಾಫಿನಾ? ತಗೊಂಡ್ಬಾ. ಒಲೆ ಮೇಲೆ ಇದೆ. ಲೋಟ ಬಲಗಡೆ ಗೂಡಲ್ಲಿ. ನೀನೇ ಬಗ್ಗಿಸು, ನಾನು ಬಗ್ಗಿಸಿದ್ರೆ ಮೇಜಿಗೂ ಕುಡಿಸ್ತೀನಿ ಅಂತ ಆರ್ಡಿಸ್ ಬೈತಾಳೆ. ಕಿಟಕಿ ತೆಗೆದಿದೆ, ಮಾತಾಡ್ತಾ ಇರ್ತೀನಿ, ಕೇಳಿಸ್ತದೆ ನಿಂಗೆ.

ಸಕ್ಕರೆ ಹಾಕ್ಬೇಡ!

...ನಿಂಗೊಂದು ಮಾತು ಹೇಳ್ಲಾ ವರ್ಲಿನ್. ಆರು ಇಷ್ಟು ವರ್ಷ ಸಾಕಾಯ್ತು ಯಾಕೆ ಅಂದ್ರೆ, ಆರರಲ್ಲಿ ಪ್ರಾಣಿ ಜೊತೆಗೆ ಜಾಗಾನೂ ಕಾಣ್ತದೆ. ಅದರ ಹಿಂದೆ ಏನಿದೆ, ಪಕ್ಕದಲ್ಲಿ ಮರಿ ಇದೆಯಾ, ಎಲ್ಲಾ. ಹುಡುಗರಿಗೆ ಅದನ್ನೇ ಹೇಳಿಕೊಟ್ಟೆ. ಸ್ಕೋಪಿನ ಗಾಜಲ್ಲಿ ಗೆರೆಗಳು ಕೂಡುವ ಜಾಗ ಮಾತ್ರ ನೋಡ್ಬೇಡಿ, ಸುತ್ತ ನೋಡಿ. ನೋಡಿದ್ದು ಏನು ಅಂತ ಖಾತ್ರಿಯಾಗೋ ತನಕ ಬೆರಳು ಕೋವಿ ಕುದುರೆ ಮೇಲೆ ಇಡಬೇಡಿ. ನನ್ನ ಜೊತೆ ಬಂದ ಒಬ್ಬನೂ ತಪ್ಪು ಪ್ರಾಣಿ ಹೊಡೆದಿಲ್ಲ. ಅದು ನಿಂಗೂ ಗೊತ್ತು.

ಹಿಂಬಾಗಿಲು ಬಡ್ಕೊಳ್ತಿದೆ. ಹಾಕೋ ಅದನ್ನ.

ನೋಡ್ತಿದ್ದೀನಿ, ಹದಿನಾರರಲ್ಲಿ. ಚೆನ್ನಾಗಿದೆ ಕಣೋ. ಬಹಳ ಚೆನ್ನಾಗಿದೆ. ಎಲ್ಲಾ ದೊಡ್ಡದು. ಅಂಚಲ್ಲಿ ಹುಲ್ಲು ಕಾಣ್ತಿದೆ, ಒಂದೊಂದು ಎಸಳೂ. ತಂತಿ ಸಿಕ್ತು. ತಂತಿ ಹಿಡ್ಕೊಂಡು ಹೋದ್ರೆ ಕಂಬ... ಇಲ್ಲೇ ಇರ್ಬೇಕು ಕಂಬ.

ವರ್ಲಿನ್! ಬಾ ಬೇಗ! ಹುಲ್ಲೆ ಬಂತು!

ಕಂಬದ ಹತ್ರಾನೇ. ಏನೋ ಅಲುಗಿತು, ನೋಡ್ದೆ. ಹೆಣ್ಣು ಹುಲ್ಲೆ. ಈ ಹೊತ್ತಿಗೆ ದಿನಾ ಬರ್ತದೆ ಹೊಲಕ್ಕೆ. ಕಾಣಲ್ಲ ಅಂತೀಯಲ್ಲ, ಕೇಳು ಈಗ! ಬೂದು ಬಣ್ಣ. ಹಿಂದೆ ಬಿಳಿ. ಅಡ್ಡಕ್ಕೆ ನಿಂತಿದೆ, ತಲೆ ಎಡಕ್ಕೆ. ಗೆರೆಗಳು ಕೂಡುವ ಜಾಗ ಸರಿಯಾಗಿ ಭುಜದ ಹಿಂದೆ ಇಟ್ಟಿದ್ದೀನಿ. ಉಸಿರು ಅರ್ಧ ಬಿಟ್ಟೆ. ಕೋವಿ ಇದ್ದಿದ್ರೆ ಢಂ! ಬಿತ್ತು. ಅಷ್ಟೇ ಕಣೋ. ಟಗರೂ ಅಷ್ಟೇ.

ಕೇಳಿಸ್ತಾ?

ಒಪ್ಕೋ ಈಗ. ಸೋಮವಾರ ಹೇಸರಗತ್ತೆ ತರ್ತೀಯಾ ಇಲ್ವಾ? ಹೇಳ್ಬಿಡು.

...ವರ್ಲಿನ್?

ಎಷ್ಟು ಹೊತ್ತೋ ಒಂದು ಲೋಟ ಕಾಫಿಗೆ? ಸೀದ ವಾಸನೆ ಬರ್ತಿದೆ. ಒಲೆ ಆರಿಸು!

ಒಳಗೆ ಇದ್ದೀಯಾ?

ಹುಲ್ಲೆ ಇನ್ನೂ ಅಲ್ಲೇ ಇದೆ. ನಾನು ಇಷ್ಟು ಕೂಗಾಡಿದ್ರೂ ಓಡಲಿಲ್ಲ. ಕೂಗಿದ್ರೆ ಓಡ್ಬೇಕು ಅದು...

ವರ್ಲಿನ್, ಮಾತಾಡೋ. ಆಟ ಆಡ್ಬೇಡ. ಎಲ್ಲಿದ್ದೀಯ?

ತಾಳು. ಸ್ಕೋಪು ಸ್ವಲ್ಪ ಬಲಕ್ಕೆ ಸರಿಸ್ತೀನಿ. ಹೀಗೆ ಅಂಚಿಗೆ ತಂದ್ರೆ... ಅಂಚಲ್ಲಿ ಮಾತ್ರ ಒಂದೊಂದ್ಸಲ... ನಡುವೆ ಬರೀ ಹೊಗೆ...

ಕಿತ್ತಳೆ.

ಇಲ್ಲ. ಗೆರೆ ಇಟ್ಟೆ, ಹೋಯ್ತು. ಮತ್ತೆ ಸರಿಸ್ದೆ... ಇದೆ. ಕಿತ್ತಳೆ. ಹಿಂಬಾಗಿಲ ಅಂಗಿ. ಎರಡು ಕೈ. ಮೇಲಕ್ಕೆ ಎತ್ತಿದೆ. ಎರಡೂ ಕೈ ಎತ್ಕೊಂಡು ಕಂಬದ ಹತ್ರ, ಹುಲ್ಲೆ ಅಂದ ಜಾಗದಲ್ಲೇ...

ಆವಾಗಿಂದ ಎತ್ಕೊಂಡೇ ನಿಂತಿದ್ದೀಯೇನೋ? ನಾನು ಉಸಿರು ಬಿಟ್ಟಾಗಲೂ? ಢಂ ಅಂದಾಗಲೂ?

...ಎರಡೂ ವಾಪಸ್ ಕೊಟ್ಬಿಡು ನಾಳೆ. ಆರೂ. ಹದಿನಾರೂ.

ಕೈ ಇಳಿಸೋ ವರ್ಲಿನ್. ಕಾಣ್ತು. ಕೈ ಇಳಿಸು.